ಸೋಮವಾರದವರೆಗೆ

ಆ ವಾರವಿಡೀ ಭೀಮರಾಯನಿಗೆ ಒಂದೇ ಚಿಂತೆ: ಸೋಮವಾರದವರೆಗೆ ತಮ್ಮ ಕಡೆಯವರು ಯಾರೂ ಸಾಯಬಾರದು.

ಕೇಳಿದವರು ದೊಡ್ಡ ಕರುಣಾಳು ಅಂದುಕೊಳ್ಳಬೇಕು. ಸಂಗತಿ ಬೇರೆಯೇ ಇತ್ತು. ಧಾರಾವಿಯಲ್ಲಿರುವ ಸಿಂದಗಿ ಕಡೆಯ ಕೂಲಿಕಾರರು ತಿಂಗಳಿಗೆ ಐವತ್ತು ರೂಪಾಯಿ ಹಾಕಿ ಒಂದು ಸಂಘ ಕಟ್ಟಿಕೊಂಡಿದ್ದರು. ಯಾರಾದರೂ ಮುಂಬಯಿಯಲ್ಲಿ ತೀರಿಕೊಂಡರೆ ಹೆಣವನ್ನು ಊರಿಗೆ ಮುಟ್ಟಿಸುವ ಖರ್ಚು ಸಂಘದ್ದು. ಭೀಮರಾಯ ಅದರ ಖಜಾಂಚಿ. ಹಣ ಕರೆಂಟ್ ಅಕೌಂಟಿನಲ್ಲಿ ಬಡ್ಡಿಯಿಲ್ಲದೆ ಬಿದ್ದಿದೆ ಎಂದು ಜನ ಅವನ ತಲೆ ತಿಂದಿದ್ದರು. ಕಳೆದ ವರ್ಷ ಬ್ಯಾಂಕಿನ ವೈಶಾಲಿ ಮೇಡಂ ಒಂದು ದಾರಿ ತೋರಿಸಿದಳು. ಖಾತೆಯಲ್ಲಿ ಐವತ್ತು ಸಾವಿರ ಇದ್ದರೆ ಸಾಕು, ಮಿಕ್ಕ ಮೂರು ಲಕ್ಷ ತಾನಾಗಿಯೇ ಠೇವಣಿಗೆ ಹೋಗುತ್ತದೆ, ವರ್ಷಕ್ಕೆ ಹತ್ತೊಂಬತ್ತು ಸಾವಿರ ಬಡ್ಡಿ. ಭೀಮರಾಯ ಎದೆಯುಬ್ಬಿಸಿ ಸಭೆಯಲ್ಲಿ ಆ ಅಂಕಿ ಹೇಳಿದ. ಚಪ್ಪಾಳೆಯೂ ಬಿತ್ತು.

ಷರತ್ತುಗಳನ್ನು ಮಾತ್ರ ಅವನು ಓದಿದ್ದು ಮೊನ್ನೆ ಮೊನ್ನೆ. ಓದಿದ ಅಂದರೆ, ವೈಶಾಲಿಯ ಮುಂದೆ ಕೂತು ಒಂದೊಂದೇ ಸಾಲು ಹೇಳಿಸಿಕೊಂಡ. ಖಾತೆ ಐವತ್ತು ಸಾವಿರಕ್ಕಿಂತ ಕೆಳಗಿಳಿದರೆ ಇಡೀ ಠೇವಣಿ ಒಡೆಯುತ್ತದೆ. ವರ್ಷ ತುಂಬುವ ಮೊದಲು ಒಡೆದರೆ ಬಡ್ಡಿ ಅರ್ಧಕ್ಕೂ ಕಡಿಮೆ. ವರ್ಷ ತುಂಬುವುದು ಸೋಮವಾರ. ಪುಣ್ಯಕ್ಕೆ ಈ ಒಂದು ವರ್ಷದಲ್ಲಿ ಯಾರೂ ತೀರಿಕೊಂಡಿರಲಿಲ್ಲ.

"ಸೋಮವಾರತನ ಯಾರೂ ಸಾಯದಿದ್ರ ಆತಲ್ರಿ?" ಎಂದು ಕೇಳಿದ. ಮೇಡಂ ನಕ್ಕಳು. ಅವನಿಗೆ ನಗು ಬರಲಿಲ್ಲ, ಏಕೆಂದರೆ ಸಂಘದವನೇ ಆದ, ಟೈಲ್ಸ್ ಕೂರಿಸುವ ಗದಿಗೆಪ್ಪ ಸಯನ್ ಆಸ್ಪತ್ರೆಯಲ್ಲಿ ಮಲಗಿದ್ದ.

ಅಂದಿನಿಂದ ಬೆಳಗ್ಗೆ ಸಂಜೆ ಭೀಮರಾಯ ಎಳನೀರು ಹಿಡಿದು ವಾರ್ಡಿಗೆ ಹಾಜರು. ಗದಿಗೆಪ್ಪನ ಎದೆ ಏರಿಳಿಯುವುದನ್ನು ಬಾಗಿಲಲ್ಲೇ ನಿಂತು ನೋಡಿ, ಆಮೇಲೆ ತಾನು ಉಸಿರು ಬಿಡುತ್ತಿದ್ದ. ಬುಧವಾರ ಡಾಕ್ಟರು, ಎರಡು ಮೂರು ದಿನದ ಮಾತು ಎಂದುಬಿಟ್ಟರು. ಭೀಮರಾಯ ಶುಕ್ರವಾರ, ಶನಿವಾರ ಎಂದು ಬೆರಳು ಮಡಚಿದ.

ಗದಿಗೆಪ್ಪ ಆ ಬೆರಳುಗಳನ್ನೇ ಹಿಡಿದುಕೊಂಡ. "ಭೀಮಣ್ಣ, ಹೆಂಡ್ತಿ ಹೋದಮ್ಯಾಲ ನನಗ ಹಿಂಗ ಯಾರೂ ನೋಡಿಲ್ಲ. ದಿನಾ ಎರಡ ಸಲ ಬರ್ತಿ. ಒಂದು ಕೇಳ್ತೀನಿ, ಇಲ್ಲ ಅನಬ್ಯಾಡ. ಹೆಣಾ ಆದಮ್ಯಾಲ ಹೆಂಗೂ ಒಯ್ತೀರಿ. ಅದೇ ಗಾಡಿ ಈಗ ತರಿಸು. ಊರಾಗ ಮಗಳ ಕೈಲಿ ಒಂದು ಕಪ್ ಚಾ ಕುಡದು ಹೋಗ್ತೀನಿ."

ಭೀಮರಾಯನಿಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. "ನಾ ನಿನ್ನ ಸಲುವಾಗಿ ಬರ್ತಿದ್ದಿಲ್ಲೋ ಗದಿಗೆಪ್ಪಾ. ಬಡ್ಡಿ ಸಲುವಾಗಿ ಬರ್ತಿದ್ದೆ" ಎಂದು ಎಲ್ಲವನ್ನೂ ಹೇಳಿಬಿಟ್ಟ.

ಗದಿಗೆಪ್ಪ ಹಿಡಿದ ಬೆರಳು ಬಿಡಲಿಲ್ಲ. "ಎಷ್ಟು ಹೋಗ್ತದ?"

"ಹತ್ತು ಸಾವಿರ."

"ಭಾಳ ಆತು ಬಿಡು. ಮಂದಿ ಬೆವರಿನ ರೊಕ್ಕ. ಸೋಮವಾರತನ ತಡೀತೀನಿ" ಎಂದು ಕಣ್ಣು ಮುಚ್ಚಿದ. ಬೈದು ರಂಪ ಮಾಡಿದ್ದರೆ ಭೀಮರಾಯನಿಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಆಕ್ಸಿಜನ್ ಇರುವ ಗಾಡಿಗೆ ಮೂವತ್ತೆರಡು ಸಾವಿರ. ತಿಂಗಳ ಕೊನೆ, ಅವನು ತಟ್ಟಿದ ಯಾವ ಬಾಗಿಲಲ್ಲೂ ಅಷ್ಟು ಹಣವಿರಲಿಲ್ಲ. ಗುರುವಾರ ಬ್ಯಾಂಕು ತೆರೆಯುವ ಮೊದಲೇ ಬಂದು ನಿಂತ.

"ಕಾಕಾ, ನಾಲ್ಕೇ ದಿನ. ಸೋಮವಾರ್ ಬನ್ನಿ ನಾ, ಪೂರಾ ಬಡ್ಡಿ ಸಿಗ್ತದೆ" ಎಂದಳು ವೈಶಾಲಿ.

"ತಿಳದದರಿ ಮೇಡಂ. ಒಡೀರಿ."

ಭಾನುವಾರದ ಸಭೆಯಲ್ಲಿ ತನ್ನ ಚರ್ಮ ಸುಲಿಯುತ್ತಾರೆ ಎಂಬುದು ಅವನಿಗೆ ಗೊತ್ತಿತ್ತು. ಬಡ್ಡಿ ಹೋಯಿತು, ಮೇಲಾಗಿ ಸಂಘದ ಹಣ ಹೆಣಕ್ಕೆ ಮಾತ್ರ ಎಂಬ ನಿಯಮವೂ ಮುರಿಯಿತು. ಆದರೂ ಸಹಿ ಹಾಕಿದ.

ಗಾಡಿ ಹೊರಟ ಮೇಲೆ ಆಸ್ಪತ್ರೆಯ ಗೇಟಿನ ಬಳಿ ಕೂತು ಸಂಘದ ವಹಿ ತೆರೆದ. ಊರಿಗೆ ಕಳಿಸಿದವರ ಹನ್ನೊಂದು ಹೆಸರುಗಳಿದ್ದವು, ಪ್ರತಿಯೊಂದರ ಮುಂದೆ ದಿವಂಗತ ಎಂದಿತ್ತು. ರೂಢಿಯಂತೆ ಪೆನ್ನು "ದಿ" ಎಂದು ಬರೆದೇಬಿಟ್ಟಿತು. ಅದನ್ನು ಗೀಚಿ ಹೊಡೆದುಹಾಕಿ, ಬರೀ ಗದಿಗೆಪ್ಪ ಎಂದು ಬರೆದ.