ಒಳಗೆ ಯಾರೂ ಇಲ್ಲ

ಪರದೆಯ ಮೇಲೆ ಒಂದು ಹೆಸರೂ ಮೂಡಲಿಲ್ಲ.

‘ನೋಡ್ರಿ,’ ಎಂದು ಸಿದ್ದಲಿಂಗ ಕುರ್ಚಿ ಹಿಂದಕ್ಕೆ ಸರಿಸಿದ. ‘ರಾತ್ರಿ ಪಾಳ್ಯಾಗ ಒಳಗ ಬಂದು ಹೊರಗ ಹೋಗದಾವ್ರು ಯಾರೂ ಇಲ್ರಿ.’

ಬೆನ್ನ ಹಿಂದೆ ನಿಂತಿದ್ದ ಮ್ಯಾನೇಜರ್ ಅಣ್ಣಾಸಾಬರು ಉಸಿರು ಬಿಟ್ಟರು. ನಸುಕಿನಲ್ಲಿ ಕಾರ್ಖಾನೆಯ ಯಾರ್ಡಿನಲ್ಲಿ ಬಗ್ಯಾಸ್ ಎನ್ನುವ ಕಬ್ಬಿನ ಸಿಪ್ಪೆಯ ಗುಡ್ಡದ ಒಂದು ಮಗ್ಗುಲು ಕುಸಿದಿತ್ತು. ಕೆಳಗೆ ಯಾರಾದರೂ ಇದ್ದರೇ? ಹೇಳುವವರಿರಲಿಲ್ಲ, ರಾತ್ರಿ ಪಾಳಿಯವರು ಚದುರಿದ್ದರು. ಬಾಯ್ಲರಿಗೆ ಸಿಪ್ಪೆ ಒಯ್ಯುವ ಬೆಲ್ಟ್ ನಿಲ್ಲಿಸಿ ಎಲ್ಲರೂ ಗೇಟಿನ ಹಾಜರಿ ತೆಗೆಯುವ ಸಿದ್ದಲಿಂಗನ ವರದಿಗೆ ಕಾದಿದ್ದರು. ಕೊಲ್ಹಾಪುರದಲ್ಲಿ ಎಂಸಿಎ ಮುಗಿಸಿ ಅಥಣಿ ಸೀಮೆಯ ಈ ಸಕ್ಕರೆ ಕಾರ್ಖಾನೆ ಸೇರಿದ ಮೇಲೆ, ಇಷ್ಟು ಜನ ತನ್ನ ಬಾಯಿ ನೋಡುತ್ತ ನಿಂತದ್ದು ಇದೇ ಮೊದಲು ಎಂದು ಅವನಿಗೆ ಹೊಳೆಯಿತು. ಹೊಳೆದದ್ದಕ್ಕೆ ನಾಚಿಕೆಯೇನೂ ಆಗಲಿಲ್ಲ.

‘ಬರೋಬ್ಬರ್ ನೋಡೀಯಲ್ಲ?’

‘ಸಾಫ್ಟ್‌ವೇರ್ ಸುಳ್ಳ ಹೇಳಂಗಿಲ್ರಿ.’

ಅಣ್ಣಾಸಾಬರು ಅಲ್ಲಿಂದಲೇ ಫೋನ್ ಹಚ್ಚಿದರು. ‘ಶಿವಾಜಿ, ಬೆಲ್ಟ್ ಚಾಲೂ ಮಾಡು. ಸ್ಟೀಮ್ ಇಳ್ಯಾಕತ್ತೇತಿ. ಲೋಡರ್ ಹಚ್ಚಿ ಬಿದ್ದ ಬಗ್ಯಾಸ್ ಮೊದಲ ತುಂಬು.’

ಅವರು ಹೋದ ಮೇಲೆ ಬಾಗಿಲಲ್ಲಿ ಕ್ಯಾಂಟೀನಿನ ದಿಲಶಾದಬಿ ಕಂಡಳು. ಅವಳ ಮಗ ಹುಸೇನ ಯಾರ್ಡಿನಲ್ಲಿ ಕಂತ್ರಾಟಿನ ಕೆಲಸಗಾರ.

‘ಸಾಹೇಬ್ರ, ನಮ್ಮ ಹುಸೇನ ಇನ್ನೂ ಮನಿಗಿ ಬಂದಿಲ್ಲರಿ. ಫೋನ ಬಂದ್ ಐತಿ.’

‘ಒಳಗ ಯಾರೂ ಇಲ್ಲ. ಈಗ ನೋಡೀನಿ.’

‘ಅವನೂ ಇಲ್ಲರಿ?’

‘ಯಾರೂ ಇಲ್ಲ ಅಂದ್ರ ಅವನೂ ಇಲ್ಲಲ್ಲ?’

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ‘ನಿನ್ನಿ ನನ್ನ ಕೂಡ ಜಗಳಾ ಮಾಡ್ಕೊಂಡ ರಾತ್ರಿ ಪಾಳಿಗಿ ಬಂದಿದ್ದ. ಮಿರಜ್ಯಾಗ ಅವನ ಅಕ್ಕ ಅದಾಳ, ಸಿಟ್ಟಿಲೆ ಅಲ್ಲೇ ಹೋಗ್ಯಾನ ತಗೋರಿ,’ ಎಂದು ತಾನೇ ಉತ್ತರ ಹುಡುಕಿಕೊಂಡು ನಗುತ್ತ ಹೋದಳು. ಅವಳ ನಗುವಿನಿಂದ ಸಿದ್ದಲಿಂಗನಿಗೆ ಕಿರಿಕಿರಿಯಾಯಿತು. ತನ್ನ ಮಾತನ್ನು ಇಷ್ಟು ಸಲೀಸಾಗಿ ನಂಬುವವರನ್ನು ಕಂಡರೆ ಅವನಿಗೆ ಮೊದಲಿನಿಂದಲೂ ತಿರಸ್ಕಾರ.

ಚಿಕ್ಕೋಡಿಯಿಂದ ಹೆಂಡತಿ ಮನೀಷಾಳ ಫೋನ್ ಬಂತು.

‘ಏನ ಮಾಡಾಕತ್ತೀರಿ?’

‘ಏನಿಲ್ಲ.’

‘ಸಂಜೀಕ ಬರ್ತೀರಿ?’

‘ನೋಡೂಣು.’

ಮಾತು ಅಲ್ಲಿಗೆ ಮುಗಿಯಿತು. ದಿನವೂ ಅಲ್ಲಿಗೇ ಮುಗಿಯುತ್ತಿತ್ತು.

ಬೇಸರ ಕಳೆಯಲೆಂದು ಅವನು ವರದಿಯ ಫಿಲ್ಟರ್ ತೆಗೆದು ನೋಡಿದ. ‘ಬಂದವರು, ಹೋಗದವರು’ ಎಂಬ ಷರತ್ತು ಹೋದೊಡನೆ ಹೆಸರುಗಳು ಸಾಲಾಗಿ ಇಳಿದವು. ಅದರಲ್ಲಿ ಗೌರಾಬಾಯಿ ಇದ್ದಳು, ಅನುಸೂಯಾ ಇದ್ದಳು. ಕಸ ಗುಡಿಸುವವರು. ಬೆರಳು ಮೌಸಿನ ಮೇಲೆ ನಿಂತಿತು. ರಾತ್ರಿ ಪಾಳಿಯಲ್ಲಿ ಹೆಂಗಸರಿಲ್ಲ.

ಹಾಗಾದರೆ ಇದು ರಾತ್ರಿಯದಲ್ಲ.

ಗೇಟಿನ ಯಂತ್ರದಲ್ಲಿ ಬಿದ್ದ ಬೆರಳಚ್ಚುಗಳನ್ನು ಸಾಫ್ಟ್‌ವೇರ್ ಮೊದಲು ಒಂದು ಟೆಂಪರರಿ ಫೈಲಿಗೆ ಸುರಿದುಕೊಳ್ಳುತ್ತದೆ. ಆಮೇಲೆ ಅದರ ಮೇಲೆ ಫಿಲ್ಟರ್ ಓಡುತ್ತದೆ. ಹಳೆಯ ಫೈಲನ್ನು ಯಾರಾದರೂ ತೆರೆದಿಟ್ಟಿದ್ದರೆ ಹೊಸದು ಹುಟ್ಟುವುದಿಲ್ಲ. ಸಾಫ್ಟ್‌ವೇರ್ ದೂರುವುದೂ ಇಲ್ಲ, ಹಳೆಯದನ್ನೇ ಸೋಸಿ ಕೊಡುತ್ತದೆ. ಬೆಳಗ್ಗೆ ಅದು ಸೋಸಿದ್ದು ನಿನ್ನೆಯ ಹಗಲು ಪಾಳಿಯನ್ನು. ಅವರೆಲ್ಲ ಸಂಜೆಯೇ ಮನೆಗೆ ಹೋದವರು. ಫೈಲ್ ಯಾರ ಬಳಿ ತೆರೆದಿದೆ ಎಂದು ಹುಡುಕಿದ. ಅವನದೇ ಕಂಪ್ಯೂಟರಿನಲ್ಲಿ, ಇನ್ನೊಂದು ಕಿಟಕಿಯ ಹಿಂದೆ ಇತ್ತು. ನಿನ್ನೆ ಸಂಜೆ ಅವನೇ ತೆರೆದು ಮರೆತದ್ದು.

ಮುಚ್ಚಿದ, ಅಳಿಸಿದ. ಮತ್ತೆ ಓಡಿಸಿದ.

ಒಂದು ಹೆಸರು ಬಂತು. ಹುಸೇನ.

ಮೊದಲು ಬಂದದ್ದು ಸಂತೋಷ. ದೋಷ ಸಿಕ್ಕಿತ್ತು. ಅದನ್ನು ಯಾರಿಗೆ ಹೇಗೆ ವಿವರಿಸಬೇಕೆಂದು ಮನಸ್ಸು ವಾಕ್ಯ ಜೋಡಿಸತೊಡಗಿತು. ಹೆಸರಿಗೊಬ್ಬ ಮನುಷ್ಯನಿದ್ದಾನೆ ಎಂಬುದು ತುಸು ತಡವಾಗಿ, ಬೇರೆ ಯಾರೋ ಹೇಳಿದಂತೆ ಬಂತು. ಕಿಟಕಿಯಾಚೆ ಬೆಲ್ಟ್ ಓಡುತ್ತಲೇ ಇತ್ತು.

ಅಣ್ಣಾಸಾಬರು ತಮ್ಮ ಕೋಣೆಯಲ್ಲಿ ಚುರುಮುರಿ ತಿನ್ನುತ್ತಿದ್ದರು. ಅವನು ಹೇಳಿದ್ದನ್ನು ಪೂರ್ತಿ ಕೇಳಿದರು.

‘ಗೇಟಿನ ಮಷಿನಿಗಿ ಎಷ್ಟೋ ಸಲ ಬೆರಳ ಹತ್ತಂಗಿಲ್ಲ.’

‘ಹತ್ತಂಗಿಲ್ರಿ.’

‘ಹೊರಗ ಹೋಗಿರಬೇಕವ.’

‘ಹೋಗಿರಬಹುದ್ರಿ.’

‘ಹೋಗ್ಯಾನ ಅನ್ನು.’

ಸಿದ್ದಲಿಂಗ ಮೇಜಿನ ಮೇಲೆ ಉದುರಿದ ಚುರುಮುರಿಯನ್ನು ನೋಡಿದ. ‘ಬೆಲ್ಟ್ ಒಂದೀಟ ನಿಲ್ಲಿಸಿ…’

‘ಮುಂಜಾನೆ ಯಾರೂ ಇಲ್ಲ ಅಂದಾಂವ ಯಾರು? ನಾನೋ, ನೀನೋ?’ ದನಿ ಏರಲಿಲ್ಲ. ‘ಪೊಲೀಸ್ರಿಗೂ ಹಂಗ ಹೇಳೇನಿ, ನಿನ್ನ ಹೆಸರ ಹೇಳಿ. ಈಗ ಬೆಲ್ಟ್ ನಿಲ್ಲಿಸಿದ್ರ ಮುಂಜಾನೆ ಯಾಕ ಚಾಲೂ ಮಾಡಿದ್ರಿ ಅಂತ ಕೇಳ್ತಾರ. ಏನಂತಿ?’

ಅಣ್ಣಾಸಾಬರು ಚುರುಮುರಿಯ ತಟ್ಟೆ ಬದಿಗಿಟ್ಟರು.

‘ಫಿಲ್ಟರಿನ್ಯಾಗ ಇನ್ನೊಂದ ಷರತ್ತ ಹಾಕು. ಕಂತ್ರಾಟಿನಾವ್ರನ್ನ ಬಿಟ್ಟು ತಗಿ. ಅವ್ರು ನಮ್ಮ ಮಂದಿ ಅಲ್ಲ.’

‘ಹೌದ್ರಿ.’

ಹಾಕಿದ. ಪರದೆ ಖಾಲಿಯಾಯಿತು. ಈ ಸಲ ಫಿಲ್ಟರಿನಲ್ಲಿ ಯಾವ ದೋಷವೂ ಇರಲಿಲ್ಲ. ಪ್ರಿಂಟ್ ತೆಗೆದು ಸಹಿ ಮಾಡುವಾಗ, ಸಹಿ ಎಂದಿಗಿಂತ ದುಂಡಗೆ ಬಂದದ್ದನ್ನು ಗಮನಿಸಿದ.

ಯಾರ್ಡಿನ ಕಡೆಗೆ ಹೋಗಬೇಕೆಂದೇ ಅವನು ಹೊರಬಿದ್ದ. ಶಿವಾಜಿಗೆ ಕೈ ಬೀಸಿದರೆ ಸಾಕಿತ್ತು, ಲೋಡರ್ ನಿಲ್ಲುತ್ತಿತ್ತು. ಕುಸಿದ ಮಗ್ಗುಲು ಅರ್ಧ ಕರಗಿತ್ತು. ಲೋಡರಿನ ಬಕೆಟ್ ಸಿಪ್ಪೆಯಲ್ಲಿ ಮೆತ್ತಗೆ ಇಳಿಯುತ್ತಿತ್ತು, ತುಂಬಿ ಏಳುತ್ತಿತ್ತು. ಕೈ ಜೇಬಿನಲ್ಲೇ ಇತ್ತು. ಕಾಲುಗಳು ಕ್ಯಾಂಟೀನಿನತ್ತ ತಿರುಗಿದವು.

‘ಬರ್ರಿ ಸಾಹೇಬ್ರ,’ ದಿಲಶಾದಬಿ ಬಯಲಿನಲ್ಲಿದ್ದ ಕೂರುವ ಬಾಕು ಒರೆಸಿ ಕೂಡಿಸಿದಳು. ‘ನೀವು ನೋಡಿ ಹೇಳಿದ್ರಿ, ಜೀವ ತಣ್ಣಗಾತು. ಮಿರಜಿಗಿ ಫೋನ ಹಚ್ಚಿದ್ದೆ, ಇನ್ನೂ ಬಂದಿಲ್ಲಂತ. ಬಂದಾನು. ಹಸದ್ರ ಎಲ್ಲಿ ಹೋಗ್ತಾನ?’

ಅವನು ತಲೆಯಾಡಿಸಿದ. ಅವಳು ಹಾಲು ಹೆಚ್ಚು ಹಾಕಿದ ಚಹಾ ತಂದು ಅವನ ಕೈಗಿಟ್ಟಳು.

ಬಾಯ್ಲರಿನ ಚಿಮಣಿಯ ಹೊಗೆ ಗಾಳಿಗೆ ಈಚೆ ಬಾಗಿತು. ಬೂದಿ ಉದುರತೊಡಗಿತು, ಬಾಕಿನ ಮೇಲೆ, ಅವಳ ಸೆರಗಿನ ಮೇಲೆ. ಒಂದು ಕರಿ ಎಸಳು ತೇಲಿ ಬಂದು ಚಹಾದ ಕೆನೆಯ ಮೇಲೆ ಕುಳಿತಿತು. ಅವನು ಅದನ್ನೇ ನೋಡಿದ. ಕಪ್ ತುಟಿಗೆ ಹೋಗಲಿಲ್ಲ, ಕೆಳಗೂ ಇಳಿಯಲಿಲ್ಲ.

‘ದಿನಾ ಬೀಳ್ತೈತ್ರಿ ಇದು,’ ಎಂದು ದಿಲಶಾದಬಿ ಬಾಗಿ, ಮೆಲ್ಲಗೆ ಊದಿ, ಬೂದಿಯನ್ನು ಕಪ್ಪಿನ ಅಂಚಿಗೆ ಸರಿಸಿದಳು. ‘ಕುಡೀರಿ.’