ಏಳನೆಯ ದಿನ ದಾಟಿದ ಮರಿಗಳು

"ಅಷ್ಟು ಹತ್ತಿರ ಹಿಡೀಬೇಡಿ ಮಾವ, ಬೆಳಕಿಗೆ ಗಾಬರಿ ಆಗ್ತವೆ," ಎಂದಳು ಸೊಸೆ.

ಮಾವ ಟಾರ್ಚನ್ನು ಗಾಜಿನಿಂದ ಗೇಣುದ್ದ ಹಿಂದಕ್ಕೆ ಸರಿಸಿದರು. ಮೂರು ಬದಿಗೂ ಕಪ್ಪು ಕಾಗದ ಅಂಟಿಸಿದ ಸಣ್ಣ ತೊಟ್ಟಿ. ಒಳಗಿನ ತಿಳಿಹಸಿರು ಉಪ್ಪುನೀರಿನಲ್ಲಿ ದೊಡ್ಡವಾದರೆ ಕಿತ್ತಳೆ ಮೈಗೆ ಬಿಳಿ ಪಟ್ಟಿ ಮೂಡುವ ಕ್ಲೌನ್ ಮೀನಿನ ಮರಿಗಳು ಮಿಣುಕುತ್ತಿದ್ದವು. ಮರಿ ಅನ್ನುವುದೂ ಹೆಚ್ಚೇ. ಎರಡು ಕಣ್ಣು, ಎಳೆಯಂಥ ಬಾಲ, ಅಷ್ಟೆ. ನಲವತ್ತು ವರ್ಷ ಕನ್ನಡಕದ ಗಾಜು ಉಜ್ಜಿ ಕಣ್ಣು ಪಳಗಿದ ಅವರಿಗೂ ಎಣಿಕೆ ತಪ್ಪುತ್ತಿತ್ತು.

"ಎಂಬತ್ತಿರಬಹುದು ನೋಡು. ಇವತ್ತಿಗೆ ಎಂಟು ದಿನ ಆಯ್ತು."

ತೊಟ್ಟಿಗಳು ಮಗನವು. ಅವನಿದ್ದಾಗ ಮೂರು ಸಲ ಮೊಟ್ಟೆಯೊಡೆದು ಮರಿ ಬಂದಿದ್ದವು. ಮೂರು ಸಲವೂ ಏಳನೆಯ ದಿನ ದಾಟಿರಲಿಲ್ಲ. ಎರಡು ವರ್ಷದ ಹಿಂದೆ, ಕೆಲಸಕ್ಕೆ ಹೊರಟವನು ದಾರಿಯಲ್ಲೇ ಎದೆ ಹಿಡಿದುಕೊಂಡು ಕುಸಿದ. ಮೀನುಗಳನ್ನು ಯಾರಿಗಾದರೂ ಕೊಟ್ಟುಬಿಡೋಣ ಎಂದು ಮಾವ ಅಂದಾಗ ಸೊಸೆ ಒಪ್ಪಿರಲಿಲ್ಲ. ಔಷಧಿ ಅಂಗಡಿಯ ಕೆಲಸಕ್ಕೆ ಹೊರಡುವ ಮುಂಚೆ, ಬಂದ ಮೇಲೆ, ಬಕೆಟ್ಟಿನಲ್ಲಿ ಸಾಕಿದ ಧೂಳಿನಷ್ಟು ಸಣ್ಣ ಜೀವಿಗಳನ್ನು ತೆಳು ಬಟ್ಟೆಯಲ್ಲಿ ಸೋಸಿ ಮರಿಗಳಿಗೆ ಹಾಕುತ್ತಿದ್ದಳು. ಮಾವ ಕಾದು ಕೂತು ಸಣ್ಣ ಕೊಳವೆಯಿಂದ ತಳದ ಕಸ ಎಳೆಯುತ್ತಿದ್ದರು.

ಅಷ್ಟರಲ್ಲಿ ಅವಳ ಅಣ್ಣನ ಫೋನು ಬಂತು. ಅವಳು ಅಡುಗೆಮನೆಗೆ ಹೋದರೂ ದನಿ ಕೇಳುತ್ತಿತ್ತು. "ಇನ್ನೊಂದು ವಾರ ಅಣ್ಣಾ... ಅವರಿಗೆ ನೀನೇ ಹೇಳು. ಇಲ್ಲಿ ಬಿಟ್ಟು ಬರೋ ಹಾಗಿಲ್ಲ."

ಶಾಲೆಯ ಮೇಷ್ಟರೊಬ್ಬರ ಜೊತೆ ಅವಳ ಮದುವೆ ಗೊತ್ತಾಗಿತ್ತು. ಹಟ ಹಿಡಿದು ಗೊತ್ತುಮಾಡಿಸಿದವರು ಮಾವನೇ. ಮೀನು ಮೊಟ್ಟೆಯಿಟ್ಟಾಗ ಒಂದು ಸಲ, ಮರಿಯಾದಾಗ ಇನ್ನೊಂದು ಸಲ ಮದುವೆಯ ದಿನ ಮುಂದಕ್ಕೆ ಹೋಗಿತ್ತು. ಎರಡು ಸಲವೂ ತಮಗೆ ಒಳಗೊಳಗೇ ಹಾಯೆನಿಸಿತ್ತು ಎಂಬುದು ನೆನಪಾಗಿ ನಾಚಿಕೆಯಾಯಿತು.

"ಮುಂದಕ್ಕೆ ಹಾಕಬೇಡ ಕಣಮ್ಮ," ಎಂದರು, ಅವಳು ಬಂದ ಕೂಡಲೇ. "ಮೇಷ್ಟ್ರು ಒಳ್ಳೆಯವರು ಅಂತ ಎಷ್ಟು ಸಲ ಕಾಯಿಸ್ತೀಯ?"

"ಬಿಳಿ ಪಟ್ಟಿ ಮೂಡಿದ್ರೆ ಬದುಕಿದವು ಅಂತಾನೇ ಲೆಕ್ಕ. ಆಮೇಲೆ ಹೋಗ್ತೀನಿ."

"ಆಮೇಲೆ ಅವು ಮತ್ತೆ ಮೊಟ್ಟೆ ಇಡ್ತವೆ."

ಅವಳ ಮುಖ ಬಾಡಿತು. "ಅವ್ರು ಅರ್ಧಕ್ಕೆ ಬಿಟ್ಟಿದ್ದನ್ನ ನಾನೂ ಅರ್ಧಕ್ಕೆ ಬಿಟ್ಟು ಹೋಗ್ಲಾ ಮಾವ?"

"ನಾನಿಲ್ವಾ? ನನ್ನನ್ನೇನು ಈಗಲೇ ಫೋಟೋ ಮಾಡಿ ಗೋಡೆಗೆ ನೇತುಹಾಕಿದೀಯಾ?"

ಅವಳು ನಕ್ಕಳು. ನಗುತ್ತಲೇ ಕುರ್ಚಿಯ ಮೇಲೆ ಕುಸಿದು, ಸೆರಗು ಬಾಯಿಗೊತ್ತಿಕೊಂಡು ಅತ್ತಳು. ಮಾವ ಅವಳ ತಲೆಯ ಮೇಲೆ ಕೈಯಿಟ್ಟು ನಿಂತರು. ಮಾರನೆಯ ದಿನ ಅಣ್ಣ ಬಂದು ಕರೆದುಕೊಂಡು ಹೋದ. ಹೊರಡುವಾಗ ಅವಳು ತೊಟ್ಟಿಯ ಕಡೆ ನೋಡಲಿಲ್ಲ.

ಮನೆ ಬಣಗುಟ್ಟಿತು. ಮಾಡಲು ಬೇರೆ ಕೆಲಸವಿಲ್ಲದೆ, ಹೊಟ್ಟೆ ತುಂಬಲಿ ಎಂಬ ಅಕ್ಕರೆಯಿಂದ, ಮಾವ ಆ ದಿನ ಎರಡು ಸಲ ಹೆಚ್ಚಿಗೆ ಉಣಿಸಿದರು. ನೀರು ಕೆಟ್ಟಿತು. ಬೆಳಗ್ಗೆ ತಳದಲ್ಲಿ ಬೂದಿ ಚೆಲ್ಲಿದ ಹಾಗೆ ಮರಿಗಳು ಬಿದ್ದಿದ್ದವು. ಸಣ್ಣ ಕೊಳವೆಯಲ್ಲಿ ಹೊಸ ನೀರನ್ನು ಹನಿಹನಿಯಾಗಿ ಬಿಡುತ್ತ, ಹಳೆಯದನ್ನು ಎಳೆಯುತ್ತ ಇಡೀ ದಿನ ನೆಲದ ಮೇಲೇ ಕೂತರು. ಮೊಣಕಾಲು ಮರಗಟ್ಟಿತು. ಒಂಬತ್ತು ಉಳಿದವು.

ನೋಂದಣಿ ಕಚೇರಿಯಲ್ಲಿ ಸಹಿ ಹಾಕುವ ದಿನ ಅವಳೇ ಫೋನು ಮಾಡಿದಳು. "ಎಷ್ಟಿವೆ ಮಾವ?"

ಸುಳ್ಳು ನಾಲಿಗೆಯ ತುದಿಗೆ ಬಂತು. ಅದನ್ನು ನುಂಗಿಕೊಂಡರು. "ಒಂಬತ್ತು. ನನ್ನ ಕೈಯಿಂದಲೇ ಹೋಯ್ತು ಕಣಮ್ಮ. ಜಾಸ್ತಿ ಹಾಕಿಬಿಟ್ಟೆ."

ಆ ಕಡೆ ಅವಳು ಮೂಗು ಸೇದಿದ್ದು ಕೇಳಿಸಿತು.

"ಇವತ್ತು ಅಳಬೇಡ. ಒಂಬತ್ತಕ್ಕೂ ಪಟ್ಟಿ ಮೂಡಿದೆ."

"ಉಣಿಸೋದ್ರಲ್ಲಿ ನಿಮ್ಮ ಮಗನ ಕೈಯೂ ಜಾಸ್ತೀನೇ ಇತ್ತು," ಎಂದಳು ಅವಳು, ಕೊನೆಗೆ.

ಹದಿನೈದು ದಿನದ ಮೇಲೆ ಗಂಡ ಹೆಂಡತಿ ಇಬ್ಬರೂ ಬಂದರು. ಮೇಷ್ಟ್ರು ಚಪ್ಪಲಿ ಬಿಟ್ಟು, ಏನೆಂದು ಕರೆಯುವುದೋ ತೋಚದೆ ತಡವರಿಸಿ, ಹೆಂಡತಿಯ ಮುಖ ನೋಡಿ, "ಮಾವ, ನೋಡಬಹುದಾ?" ಎಂದರು. ಕೈ ಹಿಂದಕ್ಕೆ ಕಟ್ಟಿಕೊಂಡು ತೊಟ್ಟಿಯ ಮುಂದೆ ಬಾಗಿದರು. ಅವರ ಉಸಿರಿಗೆ ಗಾಜು ಮಂಜಾಯಿತು. ಒರೆಸಲೆಂದು ಬಟ್ಟೆ ಎತ್ತಿಕೊಂಡ ಮಾವ, ಒರೆಸದೆ, ಅದು ತಾನಾಗಿಯೇ ಆರುವವರೆಗೂ ನೋಡುತ್ತ ನಿಂತರು.