ಹೊರಬೀಡಿನ ದಿನ ಹೊತ್ತಿದ ಒಲೆ

ನಿವೃತ್ತ ಹೆಡ್‌ಮಾಸ್ತರ ಸಿದ್ದಾರೂಢಪ್ಪನವರು ಮೂವತ್ತೆರಡು ವರ್ಷಗಳ ಮೇಲೆ ಹೆಂಡತಿಯ ತವರಿಗೆ ಹೊರಟಿದ್ದರು. ಕಪ್ಪತಗುಡ್ಡದ ಮಡಿಲಲ್ಲಿರುವ ಗವಿಹಾಳ ಅವರಿಗೆ ದೂರದ ಊರೇನಲ್ಲ. ಬೆಟಗೇರಿಯ ಮನೆಯಿಂದ ಎರಡು ತಾಸಿನ ದಾರಿ. ಆದರೆ ಮದುವೆಯಾದ ಹೊಸತರಲ್ಲಿ, ಎದುರುಗೊಳ್ಳುವವರು ಬರುವುದು ತಡವಾಯಿತೆಂದು, ಆ ಊರಿನ ಸೀಮೆಯಲ್ಲೊಂದು ಕಲ್ಲಿನ ಬಳಿ ಎರಡು ಗಳಿಗೆ ಬಿಸಿಲಲ್ಲಿ ನಿಂತದ್ದನ್ನು ಅವರು ಮರೆತಿರಲಿಲ್ಲ. ಅಂದಿನಿಂದ ಹಬ್ಬಕ್ಕೆ, ಬಾಣಂತನಕ್ಕೆ, ಒಳ್ಳೆಯದಕ್ಕೆ, ಕೆಟ್ಟದ್ದಕ್ಕೆ ಹೆಂಡತಿ ಬಸವಣ್ಣೆವ್ವ ಒಬ್ಬಳೇ ಹೋಗಿ ಬಂದಳು. ಮಾಸ್ತರರು ರಜೆ ಬಂತೆಂದರೆ ಸಮುದ್ರದ ದಾರಿ ಹಿಡಿಯುತ್ತಿದ್ದರು: ಗೋಕರ್ಣ, ಮುರುಡೇಶ್ವರ, ಕಾರವಾರ. “ಆ ಗುಡ್ಡದಾಗ ನೋಡಾಕ ಏನೈತಿ, ಕಲ್ಲು?” ಎನ್ನುವುದು ಅವರ ವಾಡಿಕೆಯ ಮಾತಾಗಿತ್ತು.

ಈ ಬೇಸಿಗೆಯಲ್ಲಿ ಅವರು ಜೊತೆಯ ನಿವೃತ್ತರೊಂದಿಗೆ ಮುರುಡೇಶ್ವರದಲ್ಲಿದ್ದಾಗ ಅತ್ತೆ ತೀರಿಕೊಂಡರೆಂದು ಫೋನು ಬಂತು. “ನಾ ಬರೂದ್ರಾಗ ಮಣ್ಣು ಆಗಿರತೈತಿ. ನೀ ಹೋಗಿ ಬಾ” ಎಂದು ಹೆಂಡತಿಗೆ ಹೇಳಿಬಿಟ್ಟರು. ಅದೇ ಸಂಜೆ ಪ್ಯಾಂಟು ಮಡಚಿಕೊಂಡು ತೆರೆಯಲ್ಲಿ ನಗುತ್ತಾ ನಿಂತ ಅವರ ಚಿತ್ರ ಎಲ್ಲರ ಮೊಬೈಲಿಗೂ ಹೋಯಿತು. ತಾಯಿಯ ಹೆಣದ ಮುಂದೆ ಕುಳಿತಿದ್ದ ಬಸವಣ್ಣೆವ್ವನ ಮೊಬೈಲಿಗೂ.

ಆಕೆ ತವರಿನಿಂದ ಮರಳಲಿಲ್ಲ. ಜಗಳವಾಡಲಿಲ್ಲ, ಅಳಲಿಲ್ಲ. ಫೋನು ಮಾಡಿದರೆ “ಊಟಾ ಮಾಡ್ರಿ” ಎನ್ನುವಳು, ಇಟ್ಟುಬಿಡುವಳು. ಎರಡೂವರೆ ತಿಂಗಳು ಹೀಗೇ ಕಳೆಯಿತು. ಮಾಸ್ತರರಿಗೆ ತಮ್ಮ ಮನೆ ಬೀಗ ಹಾಕಿದ ಶಾಲೆಯಂತೆ ತೋರತೊಡಗಿತು. ಕೊನೆಗೆ ಆಕೆಯ ತಮ್ಮ ಹುಚ್ಚೀರಪ್ಪ ತಾನಾಗಿಯೇ ಫೋನು ಮಾಡಿದ. “ಅಕ್ಕ ಮನಸ್ಸು ಮೆತ್ತಗ ಮಾಡ್ಯಾಳ್ರಿ ಮಾಂವಾರ. ನೀವ ಖುದ್ದ ಬಂದು ಕರದ್ರ ಬರ್ತಾಳ. ಆದ್ರ ಮಂಗಳಾರ ಒಂದ ಬಿಟ್ಟು ಬರ್ರಿ.”

ಯಾವ ದಿನ ಬರಬೇಕೆಂದು ಇನ್ನೊಬ್ಬರಿಂದ ಹೇಳಿಸಿಕೊಳ್ಳುವ ರೂಢಿ ಮಾಸ್ತರರಿಗಿರಲಿಲ್ಲ. ಬುಧವಾರ ಪಿಂಚಣಿದಾರರ ಸಭೆಯಿತ್ತು. ಮಂಗಳವಾರವೇ ಹೊರಟರು.

ಮುಂಡರಗಿ ಬಸ್ಸಿನಿಂದ ಇಳಿದ ಮೇಲೆ ಸಿಕ್ಕದ್ದು ಖಾಸಿಂಸಾಬನ ಟಂಟಂ ಒಂದೇ. ಆಷಾಢದ ಗಾಳಿ ಬೀಸುತ್ತಿತ್ತು. ಮೋಡ ಗುಡ್ಡದ ನೆತ್ತಿಯನ್ನು ಸವರಿಕೊಂಡು ಹೋಗುತ್ತಿತ್ತು. ಊರ ಬಾಯಲ್ಲಿ ಗಾಡಿ ನಿಂತಿತು. ದಾರಿಗೆ ಅಡ್ಡಲಾಗಿ ಜಾಲಿಮುಳ್ಳಿನ ಕಂಟಿಗಳನ್ನು ಎಳೆದು ಹಾಕಿದ್ದರು.

“ಇಲ್ಲಿಗೇ ಮುಗೀತ್ರಿ ಸರ. ಇವತ್ತ ಊರಿಗೆ ಹೊರಬೀಡು” ಎಂದ ಖಾಸಿಂಸಾಬ. “ಮಂದಿ, ದನಾ, ಕೋಳಿ, ಎಲ್ಲಾ ಗುಡ್ಡದ ಓರಿಗೆ ಹೋಗ್ಯಾವು. ನೀವೂ ಅತ್ತಾಗ ಹೋಗ್ರಿ, ಬಿಸಿ ಬಿಸಿ ಕಡಬು ಸಿಗತಾವು. ಒಳಗ ಮಾತ್ರ ಹೋಗಬ್ಯಾಡ್ರಿ.”

“ನನಗ ಹೇಳ್ತೀಯೇನೋ? ನಾ ಈ ಊರ ಅಳಿಯ.”

“ಅದಕ್ಕ ಹೇಳಿದ್ನಿರಿ. ಬ್ಯಾರೆಯವರಾಗಿದ್ರ ಅವರ ಹಣೇಬಾರ ಅಂತ ಬಿಡ್ತಿದ್ದೆ” ಎಂದು ನಗುತ್ತಾ ಅವನು, ಹೊತ್ತು ಮುಳುಗುವಾಗ ಬರುವೆನೆಂದು ಹೇಳಿ ಗಾಡಿ ತಿರುಗಿಸಿದ.

ಮಾಸ್ತರರು ಮುಳ್ಳಿನ ಮುಂದೆ ನಿಂತರು. ಪಕ್ಕದಲ್ಲಿ ಅದೇ ಕಲ್ಲು. ಅಂದು ಎರಡು ಗಳಿಗೆ, ಇಂದು ಮುಳ್ಳು! ಕಿವಿಯ ತುದಿಗಳು ಬಿಸಿಯಾದವು. ಕೊಡೆಯ ಕೋಲಿನಿಂದ ಒಂದು ಕಂಟಿಯನ್ನು ಸರಿಸಿ ಒಳಗೆ ನಡೆದರು.

ಅಂಥ ಮೌನವನ್ನು ಅವರು ಕೇಳಿರಲಿಲ್ಲ. ಬಾಗಿಲುಗಳಿಗೆ ಬೀಗವಿಲ್ಲ, ಬರಿಯ ಚಿಲಕ. ಗೂಟಗಳಿವೆ, ಎಮ್ಮೆಗಳಿಲ್ಲ. ಕಟ್ಟೆಯಿದೆ, ಕುಳಿತವರಿಲ್ಲ. ಒಂದು ಮನೆಯ ಮುಂದೆ ಬರಿದಾದ ತೊಟ್ಟಿಲು ಗಾಳಿಗೆ ತಾನೇ ತೂಗುತ್ತಿತ್ತು. ತಮ್ಮ ಮೆಟ್ಟಿನ ಸಪ್ಪಳಕ್ಕೆ ತಾವೇ ಬೆದರಿ ಮಾಸ್ತರರು ಎರಡು ಸಲ ಹಿಂದಿರುಗಿ ನೋಡಿದರು.

ಹುಚ್ಚೀರಪ್ಪನ ಮನೆ ಗುರುತು ಸಿಕ್ಕಿತು. ಚಿಲಕ ತೆಗೆದು ಒಳಹೊಕ್ಕರೆ ಪಡಸಾಲೆಯ ಮೂಲೆಯಲ್ಲಿ ಬಸವಣ್ಣೆವ್ವನ ಕೆಂಪು ಚೀಲ. ಸೀರೆಗಳು ಮಡಿಕೆಯಾಗಿದ್ದವು, ಕನ್ನಡಕದ ಡಬ್ಬಿ ಬದಿಗೆ ಸೇರಿತ್ತು. ಮೇಲೆ, ಹಳೆಯ ಪತ್ರಿಕೆಯಲ್ಲಿ ಕಟ್ಟಿದ ಶೇಂಗಾ ಹೋಳಿಗೆ. ಆ ಬಳಗದಲ್ಲಿ ತಮ್ಮನ್ನು ಬಿಟ್ಟರೆ ಶೇಂಗಾ ಹೋಳಿಗೆಗೆ ಆಸೆಪಡುವವರು ಯಾರೂ ಇರಲಿಲ್ಲ. ಮಾಸ್ತರರು ಆ ಗಂಟನ್ನು ಮುಟ್ಟಿದರು, ಮೂಸಿದರು, ಇದ್ದಲ್ಲೇ ಇಟ್ಟರು. ಕರೆಯುವ ಮೊದಲೇ ಆಕೆ ಹೊರಡಲು ಸಿದ್ಧಳಾಗಿದ್ದಳು!

ಎದೆಯ ಮೇಲಿನ ಚಪ್ಪಡಿ ಸರಿದಂತಾಯಿತು. ಆ ಸಂತೋಷದಲ್ಲಿ ಅವರಿಗೆ ಎಂದೂ ಬಾರದ ಬುದ್ಧಿಯೊಂದು ಬಂತು. ಗಾಳಿಯಲ್ಲಿ ನಡುಗಿ ಬರುವ ಹೆಂಡತಿಗೆ ತಾವೇ ಚಹಾ ಮಾಡಿಡಬೇಕು. ಗ್ಯಾಸಿನ ಒಲೆಗೆ ಹಚ್ಚುವ ಕೊಳವೆಯನ್ನು ಕಳಚಿಟ್ಟಿದ್ದರು. ಮಣ್ಣಿನ ಒಲೆಯ ಬೂದಿ ತೆಗೆದು, ಸಾರಿಸಿ, ಅರಿಶಿಣ ಕುಂಕುಮ ಇಟ್ಟಿದ್ದರು. ಮಾಸ್ತರರು ಅದರ ಅರ್ಥ ಕೇಳಿಕೊಳ್ಳಲಿಲ್ಲ. ಹಿತ್ತಿಲಿನಿಂದ ಕುಳ್ಳು ತಂದು, ಪತ್ರಿಕೆ ಹರಿದು, ಏಳು ಕಡ್ಡಿ ಗೀರಿ, ಕಣ್ಣಲ್ಲಿ ನೀರು ಸುರಿಸುತ್ತಾ ಒಲೆ ಹೊತ್ತಿಸಿದರು. ಹಸಿ ಕುಳ್ಳಿನ ಹೊಗೆ ಬೆಳಕಿಂಡಿಯಿಂದ ಹೊರಬಿದ್ದು ಊರ ಮೇಲೆದ್ದಿತು.

ಹಾಲಿರಲಿಲ್ಲ. ಬೆಲ್ಲ ಹಾಕಿ ಲೋಟಕ್ಕೆ ಬಸಿಯುವಷ್ಟರಲ್ಲಿ ಊರ ಬಾಯಿಂದ ಕೂಗು ಕೇಳಿಸಿತು.

“ಯಾರಲೇ ಅದು ಒಳಗ? ಹೊರಗ ಬರ್ರಿ!”

ಲೋಟ ಹಿಡಿದುಕೊಂಡೇ ಮಾಸ್ತರರು ಬಂದರು. ಮುಳ್ಳಿನಾಚೆ ಅರ್ಧ ಊರೇ ನಿಂತಿತ್ತು. ಒಬ್ಬರೂ ಒಳಗೆ ಹೆಜ್ಜೆಯಿಡಲಿಲ್ಲ. ಮುಂದೆ ನಿಂತವಳು ಹೊರಬೀಡಿನ ಪೂಜೆ ನಡೆಸುವ ಮುದುಕಿ ಹನಮಂತವ್ವ. ಹಿಂದೆ ಹುಚ್ಚೀರಪ್ಪ ತಲೆಯ ಮೇಲೆ ಕೈಹೊತ್ತಿದ್ದ. ಬಸವಣ್ಣೆವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು.

“ಊರ ದೇವಿ ದ್ಯಾಮವ್ವ ಖಾಲಿ ಓಣ್ಯಾಗ ಅಡ್ಡಾಡೂ ದಿನಾ ಇದು. ಊರಾಗ ಒಂದ ಕಿಡಿ ಇರಬಾರದು” ಎಂದಳು ಹನಮಂತವ್ವ. “ಹನ್ನೊಂದು ದಿನದ ಬಾಣಂತೀನ ಗಾಳ್ಯಾಗ ಕುಂಡ್ರಿಸೇವಿ. ಕೂಸು ಮುಂಜಾನಿಂದ ಕೆಮ್ಮಾಕತ್ತೈತಿ. ಈಗ ಬರೂ ಮಂಗಳಾರ ಎಲ್ಲಾ ಮತ್ತ ಮೊದಲಿಂದ. ಊರಿಗೆ ಭಾಳ ಶಾಣ್ಯಾ ಅಳಿಯ ಸಿಕ್ಕಾನ ಬಿಡು, ಬಸವಣ್ಣೆವ್ವ!”

“ನನಗ ಗೊತ್ತಿರಲಿಲ್ಲ” ಎಂದರು ಮಾಸ್ತರರು. ಆ ಮಾತನ್ನು ತರಗತಿಯಲ್ಲಿ ಎಷ್ಟೋ ಮಕ್ಕಳ ಬಾಯಿಂದ ಕೇಳಿ ಬೆತ್ತ ಎತ್ತಿದವರು ಅವರು.

ಬಸವಣ್ಣೆವ್ವ ಸೆರಗು ತೆಗೆದಳು. “ಗೊತ್ತಿರಲಿಲ್ಲೇನ್ರಿ? ಮೂವತ್ತೆರಡು ಆಷಾಢ ಹೇಳೀನಿ. ಹಿಂಗ ಹೊರಬೀಡು ಇರತೈತಿ, ಒಲಿ ಹಚ್ಚಂಗಿಲ್ಲ, ನಮ್ಮವ್ವ ಕಡಬು ಮಾಡ್ತಾಳ, ಒಮ್ಮೆರ ಬರ್ರಿ ಅಂತ. ನೀವು ಪೇಪರ್ ಓದಿಕೋಂತ ಹೂಂ ಅಂದೀರಿ.”

“ನಿನಗಂತ ಚಾ ಮಾಡಿದೆ” ಎಂದು ಅವರು ಲೋಟ ಮುಂದೆ ಹಿಡಿದರು. ಕೈ ಮುಳ್ಳಿನ ಮೇಲೆಯೇ ನಿಂತಿತು.

ಆಕೆ ಲೋಟವನ್ನು ನೋಡಿದಳು. ಮಸಿ ಹತ್ತಿದ ಅವರ ಬೆರಳುಗಳನ್ನೂ ನೋಡಿದಳು. “ಹೊರಗ ಚೆಲ್ರಿ ಅದನ್ನ” ಎಂದಳು. “ಸೀಮಿ ಒಳಗ ಒಂದು ಹನಿ ಬೀಳಬಾರದು.”

ಚೆಲ್ಲಿದರು. ಹೊರಗೆ ಬಂದರು. ಯಾರ ಮನೆಯ ಒಲೆ ಹೊತ್ತಿತೋ ಆ ಮನೆಯ ಹಿರಿಯ ಹೆಣ್ಣು, ಮತ್ತೊಂದು ಹೊರಬೀಡು ಮುಗಿಯುವವರೆಗೆ ಊರು ಬಿಟ್ಟು ಬೇರೆಡೆ ಹೋಗುವಂತಿಲ್ಲವೆಂದು ಹುಚ್ಚೀರಪ್ಪ ಮೆಲ್ಲಗೆ ತಿಳಿಸಿದ. ಅವ್ವ ಹೋದ ಮೇಲೆ ಆ ಹಿರಿಯಳು ಬಸವಣ್ಣೆವ್ವನೇ.

“ಆಮ್ಯಾಲೆ ಬರ್ತೀಯಲಾ?” ಎಂದು ಮಾಸ್ತರರು ಕೇಳಿದರು. ಆಕೆ ಅಷ್ಟರಲ್ಲಿ ಕೆಮ್ಮುವ ಕೂಸಿನ ಕಡೆಗೆ ನಡೆದಿದ್ದಳು.

ಹೊತ್ತು ಮುಳುಗಿದ ಮೇಲೆ ಮುಳ್ಳು ಸರಿಸಿ ಊರು ಒಳಗೆ ಹೋಯಿತು. ಮಾಸ್ತರರನ್ನು ಬಾ ಎಂದವರಿಲ್ಲ, ಬೇಡವೆಂದವರೂ ಇಲ್ಲ. ಅವರು ಊರ ಬಾಯಲ್ಲೇ ನಿಂತರು. ಅಲ್ಲಿಂದ ಹುಚ್ಚೀರಪ್ಪನ ತೆರೆದ ಬಾಗಿಲು ಕಾಣುತ್ತಿತ್ತು. ಪಡಸಾಲೆಯ ದೀಪದ ಬೆಳಕಿನಲ್ಲಿ ಬಸವಣ್ಣೆವ್ವ ಚೀಲದಿಂದ ಸೀರೆಗಳನ್ನು ಒಂದೊಂದಾಗಿ ತೆಗೆದು ಮತ್ತೆ ಗಳದ ಮೇಲೆ ಹಾಕುತ್ತಿದ್ದಳು.

ಸ್ವಲ್ಪ ಹೊತ್ತಿಗೆ ಹುಚ್ಚೀರಪ್ಪ ಪತ್ರಿಕೆಯ ಗಂಟು ತಂದ. “ಅಕ್ಕ ಕೊಟ್ಟಾಳ್ರಿ. ಬಸ್ಸಿನ್ಯಾಗ ತಿನ್ನಾಕ.”

“ಬರೂ ಮಂಗಳಾರ ನಾನೂ ಗುಡ್ಡದ ಓರಿಗೆ ನಿಮ್ಮ ಸಂಗಾಟ ಕುಂಡ್ರತೀನಿ ಅಂತ ಹೇಳು.”

ಅವನು ಒಳಗೆ ಹೋದ. ಬಾಗಿಲಲ್ಲಿ ಅಕ್ಕನೊಡನೆ ಮಾತಾಡುವುದು ಕಂಡಿತು. ಅವನು ಮರಳಿ ಬರಲಿಲ್ಲ.

ಖಾಸಿಂಸಾಬನ ಟಂಟಂ ಬಂದು ನಿಂತಿತು. “ಬರ್ತೀರೇನ್ರಿ ಸರ? ಇದ ಕಡೀ ಗಾಡಿ.”

ಮಾಸ್ತರರ ಕಣ್ಣು ಆ ಬಾಗಿಲಿನ ಮೇಲೆಯೇ ಇತ್ತು. ಅವನು ಎರಡು ಸಲ ಹಾರ್ನು ಒತ್ತಿ, ಕಾದು, ಹೊರಟುಹೋದ. ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಅವರು ಸೀಮೆಯ ಕಲ್ಲಿನ ಮೇಲೆ ಕುಳಿತರು. ಅಂದು ಎದುರುಗೊಳ್ಳುವವರು ತಡವಾಗಿಯಾದರೂ ಬಂದಿದ್ದರು.